ಪ್ರಕರಣ ಬಾಕಿಯಿರುವಾಗ ಹಲ್ಲು ಬರತಕ್ಕದ್ದಲ್ಲ

ಮಕ್ಕಳ ಹಿತರಕ್ಷಣಾ ಇಲಾಖೆ
ಕೊಠಡಿ ೧೪ (ಮೆಟ್ಟಿಲ ಕೆಳಗೆ)
ಸಂಖ್ಯೆ: ಮಹಿಇ/ಬೆಳವಣಿಗೆ/ತಡೆ/೭

ವಿಷಯ: ಪ್ರಕರಣ ಇತ್ಯರ್ಥವಾಗುವ ಮೊದಲೇ ಮಕ್ಕಳು ಬೆಳೆದುಬಿಡುತ್ತಿರುವ ಬಗ್ಗೆ.

ಉಲ್ಲೇಖ: ೧) ಕಡತ ೨೧೨ರ ಬಾಲಕಿಯ ಮೇಲ್ದವಡೆ.
೨) ಸದರಿಯವಳ ಅಜ್ಜಿ ಪ್ರತಿ ಮಂಗಳವಾರ ಆಡಿದ ಮಾತುಗಳು (ಬರೆಯಬಹುದಾದವು ಮಾತ್ರ).

ಕಡತ ೨೧೨ರ ಬಾಲಕಿಯನ್ನು ಬಾಲಮಂದಿರದಿಂದ ಅಜ್ಜಿಯ ಸುಪರ್ದಿಗೆ ಒಪ್ಪಿಸಲು ಆದೇಶವಾಗಿ ಹದಿನಾಲ್ಕು ತಿಂಗಳಾಗಿದೆ. ಕಡತದಲ್ಲಿ ಗುರುತು 'ಮುಂದಿನ ಹಲ್ಲು ಇಲ್ಲ' ಎಂದಿದ್ದು, ಹಾಜರುಪಡಿಸಿದ ಬಾಲಕಿಗೆ ಹಲ್ಲು ಇರುವುದು ಕಂಡುಬಂದಿದ್ದರಿಂದ ಒಪ್ಪಿಸಲು ಸಾಧ್ಯವಾಗಿರುವುದಿಲ್ಲ. ಇಂತಹ ಲೋಪ ಮರುಕಳಿಸದಂತೆ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

೧. ಕಡತದಲ್ಲಿ ನಮೂದಾದ ಎತ್ತರವನ್ನು ಮಗುವು ಇತ್ಯರ್ಥದವರೆಗೆ ಕಾಪಾಡಿಕೊಳ್ಳತಕ್ಕದ್ದು. ಬೆಳೆಯಲೇಬೇಕಾದ ಅನಿವಾರ್ಯತೆಯಿದ್ದಲ್ಲಿ ನಮೂನೆ ೯ರಲ್ಲಿ ಹದಿನೈದು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಅಡ್ಡಡ್ಡ ಬೆಳೆಯುವವರಿಗೆ ನಮೂನೆ ೯-ಎ.

೨. ಬೂಟು ಮೂರೇ ತಿಂಗಳಿಗೆ ಬಿಗಿಯಾದಲ್ಲಿ ಅದನ್ನು ಬೂಟಿನ ತಪ್ಪೆಂದು ಪರಿಗಣಿಸಿ, ಬೂಟಿಗೇ ನೋಟಿಸ್ ಜಾರಿ ಮಾಡತಕ್ಕದ್ದು. ಒಂದೇ ಬೂಟು ಸಿಕ್ಕಲ್ಲಿ, ಇನ್ನೊಂದು ಮಂಚದ ಕೆಳಗಿದೆಯೆಂದು ಭಾವಿಸಿ ಮುಂದುವರಿಯತಕ್ಕದ್ದು.

೩. ಹೊಸ ಹಲ್ಲು ಬಂದ ಮಗು ಪರಿಶೀಲನೆಯ ವೇಳೆ ಬಾಯಿ ಮುಚ್ಚಿರತಕ್ಕದ್ದು. ಆದರೆ ಕ್ಷೇಮದ ಪುರಾವೆಯಾಗಿ ಬಾಯ್ತುಂಬ ನಗುತ್ತಲೂ ಇರತಕ್ಕದ್ದು. ಎರಡೂ ಒಟ್ಟಿಗೆ ಹೇಗೆ ಎಂದು ಕೇಳಿದ ಗುಮಾಸ್ತರನ್ನು ತರಬೇತಿಗೆ ಕಳುಹಿಸಲಾಗಿದೆ.

೪. "ಹಲ್ಲು ಬಂದ್ರೆ ಮನೆಮಂದಿಯೆಲ್ಲ ಕುಣೀತಾರೆ, ನೀವು ನೋಟಿಸ್ ಕೊಡ್ತೀರಲ್ಲಪ್ಪಾ!" ಎಂಬ ಅಜ್ಜಿಯ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಅವರ ಹೆಚ್ಚುವರಿ ವಾದಕ್ಕೆ, ಕಡಲೆಯು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರಿಸಲಾಗಿದೆ.

೫. ಕಳೆದ ಮಂಗಳವಾರ ಬಾಲಕಿಯನ್ನು ಮರು ಅಳತೆ ಮಾಡಲು ನಾಲ್ವರು ಸಿಬ್ಬಂದಿಯೂ ಟೇಪು ಹುಡುಕುತ್ತ ದಾಸ್ತಾನು ಕೊಠಡಿಗೆ ತೆರಳಿದ್ದಾಗ, ಬಾಲಕಿಯು "ಅಜ್ಜೀ, ಹೋಗೋಣ್ವಾ?" ಎಂದು ಕೇಳಿ, ಅಜ್ಜಿಯ ಬೆರಳು ಹಿಡಿದು, ಮುಂಬಾಗಿಲಿನಿಂದಲೇ ಮನೆಗೆ ಹೋಗಿರುತ್ತಾಳೆ. ಜವಾನರ ಹೇಳಿಕೆ: "ನಾನೇ ಬಾಗ್ಲು ತೆಗ್ದೆ ಸಾರ್. ಅಜ್ಜಿ ಇನ್ನೊಂದು ಕೈಯಲ್ಲಿ ಚೀಲ ಇತ್ತು."

೬. ಸದರಿಯವಳನ್ನು ಹಿಂದಕ್ಕೆ ಕರೆತರುವ ಬಗ್ಗೆ ಕೂಲಂಕಷವಾಗಿ ಪರಿಶೀಲಿಸಲಾಯಿತು. ಕಡತದ ಪ್ರಕಾರ ಕಾಣೆಯಾಗಿರುವುದು ಹಲ್ಲಿಲ್ಲದ ಬಾಲಕಿ. ಅಜ್ಜಿಯ ಮನೆಯಲ್ಲಿರುವವಳಿಗೆ ಹಲ್ಲಿದೆ. ಆದ್ದರಿಂದ ಅವಳು ಇವಳಲ್ಲ. ಹಲ್ಲಿಲ್ಲದವಳು ಪತ್ತೆಯಾಗುವವರೆಗೆ ಹಲ್ಲಿರುವವಳ ತಂಟೆಗೆ ಯಾರೂ ಹೋಗತಕ್ಕದ್ದಲ್ಲ.

ಸಹಿ/-
ಉಪನಿರ್ದೇಶಕರು (ಎತ್ತರ ಮತ್ತು ಹಲ್ಲು), ಪ್ರಭಾರ

ಪ್ರತಿಗಳು:
೧. ದಾಸ್ತಾನು ಕೊಠಡಿಗೆ: ಟೇಪು ಸಿಕ್ಕಲ್ಲಿ ತಿಳಿಸುವುದು. ಅವಸರವಿಲ್ಲ.
೨. ಬೂಟಿಗೆ (ಎಡಗಾಲು).
೩. ಜವಾನರಿಗೆ: ಬಾಗಿಲು ತೆಗೆದ ಬಗ್ಗೆ ಎಚ್ಚರಿಕೆ, ಮತ್ತು ಒಂದು ದಿನದ ರಜೆ.
೪. ಹಲ್ಲಿಲ್ಲದ ಬಾಲಕಿಗೆ: ಪತ್ತೆಯಾದ ನಂತರ.
೫. ಹಲ್ಲಿರುವ ಬಾಲಕಿಗೆ: ಪ್ರತಿ ಬೇಕಿಲ್ಲ. ಈ ಹೊತ್ತಿಗೆ ಮಲಗಿರುತ್ತಾಳೆ, ಎಬ್ಬಿಸತಕ್ಕದ್ದಲ್ಲ.