ಕೋಟೆಯ ಎರಡು ಬಾಗಿಲು, ನನ್ನ ಐದು ಶನಿವಾರ

ದೇವರು ನನಗೆ ಬೇಡಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದಾನೆ, ಸುಳ್ಳು ಹೇಳಬಾರದು. ಸೋರದ ಮನೆ, ಒದೆಯದ ಎಮ್ಮೆ, ಗದರಿದರೂ ಕೈಗೆ ನೆರವಾಗುವ ಅತ್ತೆ, ಬೀಡಿ ಸೇದದ ಗಂಡ. ಗಂಡನಿಗೆ ಇದ್ದದ್ದು ಒಂದೇ ಚಟ, ಕೋಟೆ. ಚನ್ನಗಿರಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ಇವರಿಗೆ ಗುಡ್ಡದ ಮೇಲಿನ ಕೋಟೆಯ ಮಾತು ಬಂದರೆ ಊಟ ಬೇಡ. ನನಗೆ ಅದೇ ಗುಡ್ಡ ಕಂಡರೆ ಮೇಲಿರುವ ರಂಗನಾಥಸ್ವಾಮಿ ನೆನಪಾಗುತ್ತಾನೆ. ಒಂದೇ ದಾರಿಯಲ್ಲಿ ಜೊತೆಯಾಗಿ ಹೊರಟರೂ ಗಂಡ ಹೆಂಡತಿ ಹೋಗುವ ಊರು ಬೇರೆ ಬೇರೆ ಎಂಬುದನ್ನು ನಾನು ಆ ಮೆಟ್ಟಿಲುಗಳ ಮೇಲೆ ಕಲಿತೆ.

ಆಗ ಯುದ್ಧದ ಕಾಲ. ಹೊನ್ನಾಳಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಸುಸೂತ್ರವಾಗಲಿ ಎಂದು, ಐದು ಶನಿವಾರ ಸ್ವಾಮಿಯ ಮಧ್ಯಾಹ್ನದ ಪೂಜೆಗೆ ಮೊಸರನ್ನ ಒಯ್ಯುವುದಾಗಿ ಹರಕೆ ಹೊತ್ತೆ. ಕಟ್ಟಳೆ ಅತ್ತೆಯದು: ಹೆರಿಗೆಗೆ ಮುಂಚೆ ಐದೂ ಮುಗಿಯಬೇಕು, ಒಂದು ವಾರ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಅರ್ಚಕರು ಹನ್ನೆರಡಕ್ಕೆ ಪೂಜೆ ಮುಗಿಸಿ ಬೀಗ ಹಾಕಿಬಿಡುವವರು. ಗುಡ್ಡದಲ್ಲಿ ಚಿರತೆ ಇದೆಯೆಂದು ಇವರು ಬೆಳಗಿನ ಶಾಲೆ ಮುಗಿಸಿ ನನಗೆ ಕಾವಲಾಗಿ ಹೊರಟರು. ಚಿರತೆ ಒಂದು ದಿನವೂ ನಮ್ಮನ್ನು ತಡೆಯಲಿಲ್ಲ.

ತಡೆದದ್ದು ಹೊರಬಾಗಿಲು. ಅದನ್ನು ದಾಟಿದ ಕೂಡಲೇ ದಾರಿ ಗೋಡೆಗೆ ಮುಖ ಕೊಟ್ಟು ತಿರುಗುತ್ತದೆ, ಒಳಬಾಗಿಲು ಕಾಣುವುದಿಲ್ಲ. ಯಾಕೆ ಹೀಗೆ ಎಂದು ಇವರೇ ಕೇಳಿ, ಇವರೇ ಉತ್ತರ ಶುರುಮಾಡಿದರು. ನಾನು ಕೇಳಿರಲಿಲ್ಲ. ವೈರಿಯ ಆನೆ ಓಡಿ ಬಂದು ಕದಕ್ಕೆ ಹಾಯದಿರಲಿ ಎಂದು ಹೀಗೆ ಕಟ್ಟಿದರಂತೆ. ತಿರುಗುವಲ್ಲಿ ಆನೆ ನಿಧಾನಿಸಬೇಕು, ನಿಧಾನಿಸಿದರೆ ಮೇಲಿನಿಂದ ಕಲ್ಲು. "ಮೊದಲು ಮೇಲಕ್ಕೆ ನಡೀರಿ, ಇಳಿಯೋವಾಗ ಹೇಳೀರಂತೆ" ಎಂದು ಎಷ್ಟು ಹೇಳಿದರೂ ಕೇಳದೆ, ಕೆಳದಿಯವರಿಂದ ಹಿಡಿದು ಮರಾಠರು, ಮೈಸೂರಿನವರವರೆಗೆ ಎಲ್ಲರಿಂದಲೂ ಕೋಟೆ ಗೆಲ್ಲಿಸಿದರು. ನಾವು ಮೇಲೆ ಮುಟ್ಟುವಾಗ ಗುಡಿಯ ಬಾಗಿಲಿಗೆ ಬೀಗ. ಮುಂದಿನ ಶನಿವಾರವೂ ಅದೇ. ಎರಡು ವಾರದ ರೇಷನ್ ಅಕ್ಕಿಯ ಮೊಸರನ್ನವನ್ನು ನಾವೇ ಉಂಡೆವು. ಹುಳಿಯಾಗಿರಲಿಲ್ಲ, ಅದೂ ದೇವರ ದಯೆ.

ಮೂರನೆಯ ವಾರ ನನಗೆ ಬುದ್ಧಿ ಬಂತು. ಬಾಣಂತಿಗೆಂದು ಕಟ್ಟಿಟ್ಟಿದ್ದ ಅಂಟಿನುಂಡೆಯಲ್ಲಿ ದೊಡ್ಡದೊಂದನ್ನು ಸೆರಗಿನಲ್ಲಿ ಒಯ್ದು, ಹೊರಬಾಗಿಲು ಕಾಣುತ್ತಲೇ ಇವರ ಬಾಯಿಗಿಟ್ಟೆ. ಅದು ಹಲ್ಲು ಬಿಟ್ಟು ಏಳುವಷ್ಟರಲ್ಲಿ ನಾವು ಗರ್ಭಗುಡಿಯ ಮುಂದಿದ್ದೆವು. ಹೀಗೆ ನಾಲ್ಕು ಉಂಡೆಗೆ ನಾಲ್ಕು ಶನಿವಾರ ಸಂದವು. ಮಗಳಿಗೆ ದಿನ ತುಂಬಿತ್ತು. ಉಳಿದದ್ದು ಒಂದೇ ವಾರ.

ಆ ಶನಿವಾರ ಉಂಡೆಯೂ ಬೇಕಾಗಲಿಲ್ಲ. ನೆಗಡಿಯಾಗಿ ಇವರ ಗಂಟಲೇ ಕಟ್ಟಿತ್ತು. ಇದಕ್ಕಾಗಿ ದೇವರಿಗೆ ಕೈಮುಗಿದದ್ದು ತಪ್ಪು, ಆದರೆ ಮುಗಿದೆ. ಜಗಳೂರು ಕಡೆಯ ಸೊಕ್ಕೆಯಿಂದ ಬಂದಿದ್ದ ನಾದಿನಿ ರಂಗಮ್ಮನೂ ಜೊತೆಗೆ ಬಂದಳು. ಹೊರಬಾಗಿಲು ದಾಟಿದವಳೇ ಕೇಳಿದಳು, "ಅತ್ತಿಗೆ, ದಾರಿ ಹಿಂಗ್ಯಾಕೆ ಸೊಟ್ಟ ಐತೆ?"

ಇವರು ತೋಳನ್ನು ಸೊಂಡಿಲು ಮಾಡಿ ಬೀಸಿ, ಗೋಡೆಗೆ ಹಾಯ್ದು ತೋರಿಸಿದರು. ರಂಗಮ್ಮ ತಲೆದೂಗಿದಳು. "ತಿಳೀತು ಬಿಡಣ್ಣ, ರಾಜರ ಮದುವೇಲಿ ಆನೆ ಮೇಲೆ ಮೆರವಣಿಗೆ ಬರಾಕೆ ಕಟ್ಟಿಸ್ಯಾರೆ."

ನಾನು ಸುಮ್ಮನಿರಬಹುದಿತ್ತು. ಆದರೆ ಆನೆ ಬಾರದಿರಲೆಂದು ಕಟ್ಟಿದ್ದನ್ನು ಆನೆ ಬರಲೆಂದು ಕಟ್ಟಿದರು ಎಂದರೆ ಯಾರು ಸಹಿಸುತ್ತಾರೆ? ಮೊಸರನ್ನದ ಪಾತ್ರೆಯನ್ನು ಕಾವಲುಗಾರರ ಕಟ್ಟೆಯ ಮೇಲಿಟ್ಟು, ಎರಡೇ ಮಾತಿನಲ್ಲಿ ಮುಗಿಸುತ್ತೇನೆಂದು ಶುರುಮಾಡಿದೆ. ತಿರುವು ಹೇಳಿದ ಮೇಲೆ ಕಲ್ಲು ಹೇಳಬೇಕಾಯಿತು. ಕದದ ಮೊಳೆ ಹೇಳಿದ ಮೇಲೆ, ಒಬ್ಬೊಬ್ಬರೇ ಬಗ್ಗಿ ನುಸುಳುವ ದಿಡ್ಡಿಬಾಗಿಲನ್ನು ಬಿಡುವುದು ಹೇಗೆ? ಮರಾಠರು ಬಂದು ಇನ್ನೂ ಹೋಗಿರಲಿಲ್ಲ, ಅಷ್ಟರಲ್ಲಿ ಒಳಬಾಗಿಲಿನಿಂದ ಅರ್ಚಕರು ಇಳಿದು ಬಂದರು. ಸೊಂಟದಲ್ಲಿ ಬೀಗದ ಕೈ. ಸ್ವಾಮಿ ಮಲಗಿಯಾಯಿತು, ಇನ್ನು ತೆಗೆಯುವುದು ಸಂಜೆಗೇ ಎಂದರು. ಇವರು ನನ್ನನ್ನು ನೋಡಿದರು. ಮಾತಾಡುವಂತಿರಲಿಲ್ಲ. ಮಾತಾಡಿದ್ದರೆ ವಾಸಿಯಿತ್ತು.

ಹರಕೆ ತಪ್ಪಿತೆಂದು ಮನೆಗೆ ಓಡಿಬಂದರೆ ಸೂಲಗಿತ್ತಿ ಹೊಸ್ತಿಲಲ್ಲಿ ಕೈ ತೊಳೆಯುತ್ತಿದ್ದಳು. ಗಂಡುಮಗು, ತಾಯಿಗೂ ಏನೂ ತೊಂದರೆಯಿಲ್ಲ. ನೋವು ಬಂದದ್ದೂ ಹೆತ್ತದ್ದೂ ನಾನು ಕೋಟೆಯ ಬಾಗಿಲಲ್ಲಿ ನಿಂತಿದ್ದ ಹೊತ್ತಿಗೇ. ರಂಗನಾಥ ನನ್ನ ಐದನೆಯ ಮೊಸರನ್ನಕ್ಕೆ ಕಾಯಲಿಲ್ಲ. ಹರಕೆ ಮುಗಿದಂತಲ್ಲವೇ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ತೊಟ್ಟಿಲ ಬಟ್ಟೆ ಮಡಿಸುತ್ತಲೇ, "ಅವ ಕೊಟ್ಟಾನೆ, ನೀ ಕೊಟ್ಟಿಲ್ಲ. ಒಂದರಿಂದ ಎಣಿಸು" ಎಂದರು.

ಎಣಿಸುತ್ತಲೇ ಇದ್ದೇನೆ. ಮೊಮ್ಮಗ ಈಗ ಓಡಾಡುತ್ತಾನೆ. ಶನಿವಾರ ಗುಡ್ಡ ಹತ್ತಲು ಯಾರಾದರೂ ಹೊಸಬರು ಜೊತೆಯಾಗುತ್ತಾರೆ, ಅವರಿಗೆ ಆನೆಯ ವಿಷಯ ಗೊತ್ತಿರುವುದಿಲ್ಲ. ಒಮ್ಮೆ ಎಣಿಕೆ ಮೂರರವರೆಗೂ ಹೋಗಿತ್ತು. ಮೊನ್ನೆ ಅರ್ಚಕರು ಮೇಲಿನಿಂದಲೇ ಕೂಗಿ ಹೇಳಿದರು: "ಅಮ್ಮಾ, ಮೊದಲು ಮೇಲಕ್ಕೆ ಬನ್ನಿ, ಇಳಿಯೋವಾಗ ಹೇಳೀರಂತೆ." ಪಕ್ಕದಲ್ಲಿದ್ದ ಇವರು ಜೇಬಿನಿಂದ ಒಂದು ಅಂಟಿನುಂಡೆ ತೆಗೆದು ನನ್ನ ಕೈಯಲ್ಲಿಟ್ಟರು.