ಮಂಗಳ ಹಾಡದ ಬ್ಯಾಂಡು

ನಮ್ಮ ಬ್ಯಾಂಡು ವಾದ್ಯ ಇಳಿಸಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ಫಜೀತಿ ಕಾದೇ ಇರುತ್ತಿತ್ತು. ನಾವೇನೂ ಅದನ್ನು ಕರೆಯುತ್ತಿರಲಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಡೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಗೆಳೆಯನೊಬ್ಬ ಹಲಸಿನ ಹಲಗೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಂಡ. ಹಾಡೋಕೆ ಸಿಂಗಟಗೆರೆಯವನೊಬ್ಬ ಸಿಕ್ಕಿದ. ಡ್ರಮ್ಮಿಗೆ ನಾನು. ಸಿನಿಮಾ ಹಾಡು ಹಾಡೋದಿಲ್ಲ, ನಮ್ಮದೇ ಹಾಡು. ಕೂತು ಹಾಡೋದಿಲ್ಲ, ನಿಂತೇ ಹಾಡೋದು. ಇದು ನಮ್ಮ ಹಟ.

ನಮ್ಮಪ್ಪ ಕೊಬ್ಬರಿ ವ್ಯಾಪಾರಿ, ಮೇಲಾಗಿ ಊರಿನ ಭಜನಾ ಮಂಡಳಿಯ ಅಧ್ಯಕ್ಷರು. ಅವರದೂ ಒಂದು ಹಟವಿತ್ತು.

"ನಿಂತ್ಕೊಂಡು ಕಿರಚೋದು ಹಾಡೇ ಅಲ್ಲ ಕಣೋ. ನಾನಿರೋಗಂಟ ಕಡೂರಲ್ಲಿ ನಿಮ್ಗೆ ಸ್ಟೇಜ್ ಸಿಗಲ್ಲ."

"ಕಡೂರಲ್ಲೇ ಬಾರಿಸ್ತೀನಿ, ನೀವೇ ಮುಂದೆ ಕೂತು ಕೇಳ್ತೀರ" ಎಂದೆ. ಆ ದಿನ ಮನೆಯಲ್ಲಿ ಯಾರೂ ನನಗೆ ಊಟಕ್ಕೆ ಬಾ ಅನ್ನಲಿಲ್ಲ. ನಾನೇ ಹೋಗಿ ಬಡಿಸಿಕೊಂಡು ಉಂಡೆ.

ನೀರೆತ್ತುವ ತಾಳ

ಅಭ್ಯಾಸಕ್ಕೆ ಕಡೂರಿನಲ್ಲಿ ಯಾರೂ ಜಾಗ ಕೊಡಲಿಲ್ಲ. ಕೊನೆಗೆ ಹಾಡುಗಾರನ ತೋಟದ ಪಂಪ್‌ಹೌಸೇ ಗತಿಯಾಯಿತು. ಅಲ್ಲಿ ಬಲ್ಬಿಗೆ ಕರೆಂಟಿತ್ತು, ಗಿಟಾರಿಗೆ ಅದೇ ಸಾಕು. ನೀರೆತ್ತಲು ಮಾತ್ರ ಡೀಸೆಲ್ ಎಂಜಿನ್ನು. ನಾವು ಹಾಡು ಶುರು ಮಾಡಿದ ಕೂಡಲೇ ಅವನ ಅಣ್ಣ ಬಂದು ಎಂಜಿನ್ ಹಚ್ಚುತ್ತಿದ್ದ.

"ಅಣ್ಣಾ, ಸ್ವಲ್ಪ ಹೊತ್ತು ನಿಲ್ಸೋ!"

"ನಿಮ್ ಹಾಡು ಕೇಳಿ ತೆಂಗಿನ್ಮರ ಕಾಯಿ ಬಿಡುತ್ತೇನ್ರೋ? ನೀರು ಬಿಡ್ಬೇಕು."

ಸರಿ, ನಾವೂ ಬಿಡಲಿಲ್ಲ. ಎಂಜಿನ್ನಿಗಿಂತ ಜೋರಾಗಿ ಬಾರಿಸುವುದನ್ನು ಕಲಿತೆವು. ಆರು ತಿಂಗಳ ಮೇಲೆ ದೇವನೂರಿನಲ್ಲಿ ಮೊದಲ ಕಾರ್ಯಕ್ರಮ. ಹಾಡು ಶುರುವಾಯಿತು. ಗಿಟಾರಿನವನು ಒಂದು ಕಡೆ, ಹಾಡುಗಾರ ಇನ್ನೊಂದು ಕಡೆ, ನಾನು ಎಲ್ಲೋ ಹೊಲದಲ್ಲಿ. ಅಷ್ಟು ದಿನ ತಾಳ ಹಿಡಿದಿದ್ದವನು ನಾನಲ್ಲ, ಎಂಜಿನ್ನು ಎಂದು ಆವತ್ತೇ ಗೊತ್ತಾಗಿದ್ದು.

ಮನೆತನಸ್ಥ ಹುಡುಗ

ತರೀಕೆರೆಯಲ್ಲಿ ಒಂದು ಮದುವೆಗೆ ಕರೆದರು. ಗಿಟಾರಿನವನೂ ಹಾಡುಗಾರನೂ ನಿಂತಿದ್ದನ್ನು ಕಂಡು ಹೆಣ್ಣಿನ ತಂದೆ ಗಾಬರಿಯಾಗಿ ಎರಡು ಕುರ್ಚಿ ಹೊತ್ತು ತಂದರು.

"ಕೂತ್ಕೊಳ್ರಪ್ಪಾ."

"ಬೇಡ ಸ್ವಾಮಿ, ನಾವು ನಿಂತೇ ಹಾಡೋದು."

"ಬೀಗರು ಏನಂದ್ಕೊತಾರೆ? ಇವ್ರ ಮನೇಲಿ ಕುರ್ಚಿಗೂ ಗತಿ ಇಲ್ಲ ಅನ್ನಲ್ವಾ?"

ಹಾಡಿನ ಮಧ್ಯೆ ಬಂದು ಕುರ್ಚಿಯನ್ನು ಹಿಂದಿನಿಂದ ಮೊಣಕಾಲಿಗೆ ತಾಗಿಸುತ್ತಿದ್ದರು. ನಮ್ಮವರು ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದರು. ಕುರ್ಚಿಯೂ ಸರಿಯುತ್ತಿತ್ತು. ಹೀಗೆ ಸರಿದು ಸರಿದು ಇಬ್ಬರೂ ಊಟದ ಪಂಕ್ತಿಯವರೆಗೆ ಹೋದರು, ಆದರೂ ಕೂರಲಿಲ್ಲ. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು.

ಅಷ್ಟರಲ್ಲಿ ಆ ಪುಣ್ಯಾತ್ಮರು ಬೀಗರಿಗೆ ನನ್ನನ್ನು ತೋರಿಸಿದರು. "ನೋಡಿ, ಆ ಹುಡ್ಗ ಎಷ್ಟು ಮರ್ಯಾದೆಯಾಗಿ ಕೂತ್ಕೊಂಡು ಬಡೀತಾನೆ. ಮನೆತನಸ್ಥರು ಅಂದ್ರೆ ಹಂಗಿರ್ಬೇಕು."

ಡ್ರಮ್ ಬಾರಿಸುವವನು ಕೂರಲೇಬೇಕು ಎಂದು ಅವರಿಗೆ ಹೇಳುವುದು ಹೇಗೆ? ಅಲ್ಲೇ ಸ್ಟೂಲನ್ನು ಒದ್ದೆ. ಅವತ್ತಿನಿಂದ ನಾನೂ ನಿಂತೇ ಬಾರಿಸಿದ್ದು. ಸೊಂಟದ ನೋವು ಈಗಲೂ ಇದೆ.

ಏಳದ ಜನ

ನಮ್ಮ ಹೆಸರು ಎದ್ದಿದ್ದು ಅಜ್ಜಂಪುರದಲ್ಲಿ. ಭಾನುವಾರ ಮಧ್ಯಾಹ್ನ, ಸ್ಕೂಲ್ ಮೈದಾನ. ಗೊತ್ತಿದ್ದ ಹಾಡನ್ನೆಲ್ಲ ಹಾಡಿ "ಥ್ಯಾಂಕ್ಯೂ" ಎಂದೆವು. ಒಬ್ಬರೂ ಏಳಲಿಲ್ಲ. ಎಷ್ಟು ಇಷ್ಟವಾಗಿರಬೇಕು! ಮತ್ತೆ ಮೊದಲಿಂದ ಎಲ್ಲ ಹಾಡಿದೆವು. ಏಳಲಿಲ್ಲ. ಹಾಡುಗಾರನ ಗಂಟಲು ಬಿದ್ದುಹೋಯಿತು. ಆದರೂ ಜನ ಕೂತೇ ಇದ್ದರು.

ಕೊನೆಗೆ ಮುಂದಿನ ಸಾಲಿನ ಅಜ್ಜ ಕೈ ಮುಗಿದರು. "ಎಮ್ಮೆ ಕರೆಯೋ ಹೊತ್ತಾಯ್ತು ಕಣ್ರಪ್ಪಾ, ಮಂಗಳ ಹಾಡಿ ಪುಣ್ಯ ಕಟ್ಕೊಳ್ರಿ. ಮಂಗಳ ಆಗ್ದೆ ಎದ್ದೋಗ್ಬಾರ್ದು."

ನಮಗೆ ಮಂಗಳ ಎಲ್ಲಿಂದ ಬರಬೇಕು? ಅಜ್ಜನೇ ಎರಡು ಸಾಲು ಹಾಡಿದರು. ಮೈದಾನ ಒಂದೇ ಉಸಿರಿಗೆ ಖಾಲಿಯಾಯಿತು. ಆದರೆ ಊರೂರಿಗೆ ಹೋದ ಸುದ್ದಿಯೇ ಬೇರೆ: "ಆ ಬ್ಯಾಂಡ್ ಬಾರಿಸಿದ್ರೆ ಜನ ಏಳೋದೇ ಇಲ್ವಂತೆ!" ತರೀಕೆರೆ, ಅಮೃತಾಪುರ, ಎಲ್ಲ ಕಡೆಯಿಂದ ಕರೆ ಬಂತು. ನಾವೇಕೆ ಅಡ್ಡಬಾಯಿ ಹಾಕೋಣ?

ಅಪ್ಪನ ಪೆಟ್ಟು

ಕಡೂರಿನ ಹುಡುಗರು ಇನ್ನು ಬಿಡುತ್ತಾರೆಯೇ? ಅಪ್ಪನ ಮಾತು ಮೀರಿ ಸಂತೆ ಮೈದಾನದಲ್ಲಿ ಸ್ಟೇಜ್ ಹಾಕಿದರು. ಊರೇ ಸೇರಿತು. ಅಪ್ಪನೂ ಬಂದು ಮುಂದಿನ ಸಾಲಿನಲ್ಲೇ ಕೂತರು. ಗೆದ್ದೆ ಎಂದುಕೊಂಡೆ.

ಮೊದಲ ಹಾಡು ಮುಗಿಯುತ್ತಿದ್ದ ಹಾಗೆ ಅಪ್ಪ ಎದ್ದು ಸ್ಟೇಜ್ ಹತ್ತಿ, ಮೈಕ್ ಕಸಿದುಕೊಂಡು, ಕಣ್ಣು ಮುಚ್ಚಿ ಮಂಗಳ ಶುರು ಮಾಡಿಬಿಟ್ಟರು. ಜನ ದಡಬಡ ಎದ್ದು ಕೈ ಮುಗಿದರು. ಮಂಗಳ ಮುಗಿದರೆ ನಮ್ಮ ಕಥೆಯೂ ಮುಗಿದಂತೆ. ಇಷ್ಟು ವರ್ಷದ ಹಟ ಎರಡೇ ಸಾಲಿಗೆ ಮಣ್ಣುಪಾಲಾಗುತ್ತಿತ್ತು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

ಮುಗಿಯಲು ಬಿಟ್ಟರೆ ತಾನೆ! ಡ್ರಮ್ಮಿಗೆ ಒಂದು ಕೊಟ್ಟೆ. ಗಿಟಾರಿನವನು ಅಪ್ಪನ ಶ್ರುತಿ ಹಿಡಿದ. ಅಪ್ಪ ಕೊನೆಯ ಸಾಲಿಗೆ ಬಂದಾಗಲೆಲ್ಲ ಹಾಡುಗಾರ ಮೊದಲ ಸಾಲು ಎತ್ತಿಕೊಳ್ಳುತ್ತಿದ್ದ. ಮಂಗಳವನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಅಪ್ಪನೂ ಮತ್ತೆ ಹಾಡಲೇಬೇಕು. ಜನವೂ ಕೂರುವ ಹಾಗಿಲ್ಲ. ಮುಗಿದ ಕೈಗಳು ನಿಧಾನಕ್ಕೆ ಚಪ್ಪಾಳೆಯಾದವು. ಕಡೂರಿಗೆ ಕಡೂರೇ ನಿಂತು ಕುಣಿಯಿತು.

ಅಪ್ಪ ಕಣ್ಣು ಬಿಟ್ಟು ನೋಡಿದರು. ಅವರ ಭಜನೆಗೆ ಅಷ್ಟು ಜನ ಎಂದೂ ಸೇರಿರಲಿಲ್ಲ. ದನಿ ಏರಿತು, ಕಾಲೂ ತಾಳ ಹಾಕತೊಡಗಿತು.

"ನಿಂತ್ಕೊಂಡು ಹಾಡ್ತಿದ್ದೀರ ಅಪ್ಪಾ!" ಎಂದು ಕೂಗಿದೆ.

"ಬಾರ್ಸೋ ಸುಮ್ನೆ!" ಎಂದರು.

ಆಮೇಲೆ ಅಪ್ಪನನ್ನು ಬಿಟ್ಟು ನಮ್ಮನ್ನಷ್ಟೇ ಯಾವ ಊರಿನವರೂ ಕರೆಯಲಿಲ್ಲ. ಒಂದು ಸಲ ಅಮೃತಾಪುರದ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಹೇಳಿದರು: "ಲೇ, ಮಂಗಳನ ಮೊದ್ಲೇ ಇಟ್ಕೊಂಡ್ರೆ ಹೆಂಗೆ? ಕೊನೇಲಿ ಹಾಡಿದ್ರೆ ಜನ ಎದ್ದೋಗ್ತಾರೆ ಕಣೋ."

ಸಾಧ್ಯವೇ ಇಲ್ಲ ಅಂದೆ. "ಸಂಪ್ರದಾಯ ಅಂತ ಒಂದು ಇಲ್ವೇನಪ್ಪಾ?"