ಐವತ್ತೊಂದು ಮಿಲ್ಲಿ

ಫಿಡೆಲಿಸನ ಮದುವೆಗೆ ಅಡ್ಡ ಬಂದದ್ದು ಹುಡುಗಿಯ ಕಡೆಯವರೂ ಅಲ್ಲ, ಊರಿನ ಪಾದ್ರಿಯೂ ಅಲ್ಲ. ನಾಲ್ಕು ಕೂದಲಿನ ದಪ್ಪದಷ್ಟು ಹಿತ್ತಾಳೆ.

ದೋಹಾದ ಆ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವವರು ಇಬ್ಬರೇ. ಒಬ್ಬ ಕಿನ್ನಿಗೋಳಿಯ ಫಿಡೆಲಿಸ್. ಇನ್ನೊಬ್ಬರು ಉಳ್ಳಾಲದ ಮೊಯ್ದಿನ್ ಕುಂಞಿ. ಮೂವತ್ತು ವರ್ಷ ಕಬ್ಬಿಣದ ಗಲಾಟೆ ಕೇಳಿ ಕೇಳಿ ತಾವು ಮಾತಾಡುವುದನ್ನೇ ಕಡಿಮೆ ಮಾಡಿದ್ದವರು. ಆ ೧೯೯೬ರ ಡಿಸೆಂಬರ್ ಕೊನೆಗೆ ಫಿಡೆಲಿಸನ ಮದುವೆ ನಿಶ್ಚಯವಾಗಿ, ಕಾಗದ ಅಚ್ಚಾಗಿ, ಅರ್ಧ ಊರಿಗೆ ಹಂಚಿಯೂ ಆಗಿತ್ತು. ರಜೆಯ ಅರ್ಜಿ ಮಾತ್ರ ಮೂರು ವಾರದಿಂದ ಅರ್ಬಾಬನ ಮೇಜಿನ ಮೇಲೆ ಚಹಾ ಲೋಟದ ಕೆಳಗೆ ಮಲಗಿತ್ತು. ಅರ್ಬಾಬ್ ಎಂದರೆ ಮಾಲೀಕ. ಅವನ ಸಹಿ ಇಲ್ಲದೆ ದೇಶದಿಂದ ಹೊರಗೆ ಕಾಲಿಡುವಂತಿಲ್ಲ.

ಅಂದು ಬೆಳಿಗ್ಗೆ ಅರ್ಬಾಬನೇ ಲೇತಿನ ಬಳಿಗೆ ಬಂದ. ಕೈಯಲ್ಲಿ ಹಾಲಿನ ಪುಡಿಯ ಡಬ್ಬ. ಒಳಗೆ ರೈಫಲಿನ ನಲವತ್ತು ಖಾಲಿ ಹಿತ್ತಾಳೆ ತೋಟೆಗಳು. ಗುರಿ ಹೊಡೆಯುವುದು ಅವನ ಹುಚ್ಚು. ಹೊಡೆದ ತೋಟೆಗಳನ್ನು ಹೆಕ್ಕಿ ತಂದು ತಾನೇ ಮತ್ತೆ ಮದ್ದು ತುಂಬುತ್ತಿದ್ದ.

"ಯಾ ಫಿಡೆಲಿಸ್," ಎಂದ ತನ್ನ ಅರೆಬರೆ ಹಿಂದಿಯಲ್ಲಿ, "ಒಂದೊಂದು ಸಲ ಹೊಡೆದಾಗಲೂ ಇದರ ಕುತ್ತಿಗೆ ಸ್ವಲ್ಪ ಉದ್ದ ಆಗ್ತದೆ. ಉದ್ದ ಆದರೆ ಬಂದೂಕಿನಲ್ಲಿ ಸರಿ ಕೂರುವುದಿಲ್ಲ, ಡೇಂಜರ್. ಎಲ್ಲ ಐವತ್ತೊಂದು ಮಿಲ್ಲಿ ಬೇಕು. ಜಾಸ್ತಿ ಮಾಫಿ, ಕಡಿಮೆ ಮಾಫಿ, ಎರಡೂ ಇಲ್ಲ. ಐದು ಗಂಟೆಗೆ ತಾ. ಆಮೇಲೆ ನಿನ್ನ ಪೇಪರ್ ನೋಡುವ."

ಒಂದು ಚೀಟಿಯಲ್ಲಿ ಅರಬ್ಬೀ ಅಂಕಿಯಲ್ಲಿ ಐವತ್ತೊಂದು ಎಂದು ಗೀಚಿಕೊಟ್ಟು ಹೋದ.

ಫಿಡೆಲಿಸನಿಗೆ ಕೈ ಚಳಕ ಇತ್ತು. ಬೇರೆಯವರ ಬುದ್ಧಿಮಾತು ಬೇಡ ಎನ್ನುವ ಚಳಕ ಮಾತ್ರ ಇರಲಿಲ್ಲ. ಮೊದಲು ಬಂದವರು ಆಫೀಸಿನ ಗೋಪಿನಾಥ್. ಮೈಸೂರಿನವರು, ಕತಾರಿಗೆ ಬಂದು ಮೂರು ತಿಂಗಳು, ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವರು.

"ಏನ್ರೀ ಇದು, ಐವತ್ತೊಂದು? ಅರಬ್ಬೀನ ಬಲದಿಂದ ಎಡಕ್ಕೆ ಓದ್ಬೇಕು ಕಣ್ರೀ. ಇದು ಹದಿನೈದು!"

"ಬಾಯಲ್ಲಿ ಐವತ್ತೊಂದು ಅಂದ್ರಲ್ಲ ಸಾರ್?"

"ಬಾಯಿಮಾತು ಬೇರೆ, ರೈಟಿಂಗ್ ಬೇರೆ. ನಾಳೆ ಕೇಳಿದ್ರೆ ಚೀಟೀನೇ ತೋರಿಸೋದು."

ಮನಸ್ಸಿಲ್ಲದ ಮನಸ್ಸಿನಿಂದ ಫಿಡೆಲಿಸ್ ಒಂದನ್ನು ಹದಿನೈದಕ್ಕೆ ಕತ್ತರಿಸಿದ. ಮಗುವಿಗೆ ಕೆಮ್ಮಿನ ಔಷಧಿ ಕುಡಿಸುವ ಲೋಟದಂಥದ್ದೊಂದು ಕೈಗೆ ಬಂತು. ಗೋಪಿನಾಥ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇರ್ಲಿ, ಐವತ್ತೊಂದೇ ಇರ್ಬೋದು" ಎಂದರು. ಹೋಗಲಿಲ್ಲ, ಅಲ್ಲೇ ನಿಂತರು.

ಅಷ್ಟರಲ್ಲಿ ಸ್ಟೋರಿನ ಹಸನಬ್ಬ ಸುಲೈಮಾನಿ ಚಹಾ ಹಿಡಿದು ಬಂದರು.

"ಎಂತ ಮಾರಾಯಾ, ಒಂದೊಂದನ್ನೇ ಅಳೆದು ಕೂತ್ರೆ ನಿನ್ನ ಮದುವೆಯ ದಿನವೂ ಇಲ್ಲೇ ಇರ್ತಿ. ಹಿಂದೆ ಒಂದು ಸ್ಟಾಪರ್ ಕಟ್ಟು, ಎಲ್ಲ ಒಂದೇ ಅಳತೆಗೆ ಬರ್ತದೆ."

ಮಾತು ಸರಿಯಿತ್ತು. ಫಿಡೆಲಿಸ್ ಸ್ಟಾಪರ್ ಕೂರಿಸಿ, ಅದರ ಅಂತರವನ್ನು ವರ್ನಿಯರಿನಲ್ಲಿ ಅಳೆದು ನೋಡಿದ; ಸರಿಯಾಗಿ ಐವತ್ತೊಂದು. ಅವನು ಚಹಾಕ್ಕೆ ಕೈ ಚಾಚಿದ ಗಳಿಗೆಯಲ್ಲಿ ಹಸನಬ್ಬರು, "ಇದರ ಸ್ಕ್ರೂ ಲೂಸ್ ಉಂಟಲ್ಲ" ಎಂದು ಪ್ರೀತಿಯಿಂದ ಇನ್ನೊಂದು ಸುತ್ತು ತಿರುಗಿಸಿದರು. ಸ್ಟಾಪರ್ ತುಸುವೇ ಜರುಗಿತು. ಗೋಪಿನಾಥ್ ತಮ್ಮ ಎನ್‌ಸಿಸಿ ಕ್ಯಾಂಪಿನ ಕತೆಯನ್ನು ಅದೇ ಹೊತ್ತಿಗೆ ಶುರು ಮಾಡಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕತೆ ಮುಗಿಯುವಷ್ಟರಲ್ಲಿ ಮೂವತ್ತೊಂಬತ್ತೂ ಮುಗಿದಿದ್ದವು.

ಫಿಡೆಲಿಸ್ ಒಂದನ್ನು ಎತ್ತಿ ಅಳೆದ. ಇನ್ನೊಂದನ್ನು ಅಳೆದ. ನೆಲದ ಮೇಲೇ ಕೂತುಬಿಟ್ಟ. ಎಲ್ಲವೂ ಐವತ್ತೂವರೆ.

"ಅರ್ಧ ಮಿಲ್ಲಿಗೆ ಯಾಕ್ರೀ ತಲೆ ಕೆಡಿಸ್ಕೋತೀರಾ?" ಎಂದರು ಗೋಪಿನಾಥ್.

"ಉದ್ದ ಇದ್ರೆ ಕತ್ತರಿಸ್ಬಹುದು ಸಾರ್, ಗಿಡ್ಡ ಆದ್ರೆ ಎಳೀಲಿಕ್ಕೆ ಇದೇನು ರಬ್ಬರಾ?" ಫಿಡೆಲಿಸ್ ಕೈಯಲ್ಲಿದ್ದ ತೋಟೆಯನ್ನು ಡಬ್ಬಕ್ಕೆ ಎಸೆದ. "ಖಲಾಸ್. ಇನ್ನು ನಾನಿಲ್ಲದೆಯೇ ಮದುವೆ."

ಪಕ್ಕದ ಲೇತಿನಿಂದ ಮೊಯ್ದಿನ್ ಕುಂಞಿ ಒಮ್ಮೆ ತಿರುಗಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

ಕೊನೆಗೆ ಹಸನಬ್ಬರಿಗೇ ಪಾಪ ಅನ್ನಿಸಿತು. ಅರ್ಬಾಬ್ ಹೋಗುವ ಗುರಿ ಮೈದಾನದ ಕೆಫೆಟೇರಿಯಾದಲ್ಲಿ ಅವರ ಭಾವಮೈದ ರಿಯಾಝ್ ಇದ್ದ. ಮಧ್ಯಾಹ್ನದ ಬಿಡುವಿನಲ್ಲಿ ಹಸನಬ್ಬರೂ ಫಿಡೆಲಿಸನೂ ಪಿಕಪ್ ಹತ್ತಿ ಅಲ್ಲಿಗೆ ಓಡಿದರು. ಕೆಫೆಟೇರಿಯಾದ ಹಿಂದೆ ಖಾಲಿ ತೋಟೆಗಳ ಚೀಲಗಳು ಗುಜರಿಗೆ ಹೋಗಲು ಕಾದು ನಿಂತಿದ್ದವು. ಮೂವರೂ ಕೂತು ಅಕ್ಕಿಯಲ್ಲಿ ಕಲ್ಲು ಹೆಕ್ಕುವಂತೆ ಅದೇ ಜಾತಿಯವನ್ನು ಹುಡುಕತೊಡಗಿದಾಗ, ಹಿಂದಿನಿಂದ ಮಿಸ್ರಿ, ಅಂದರೆ ಈಜಿಪ್ಟಿನ, ಕಾವಲುಗಾರ ಗುಡುಗಿದ.

ಫಿಡೆಲಿಸ್ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಹಸನಬ್ಬರು ಮಾತ್ರ ಅವನನ್ನು ಮುಂದಕ್ಕೆ ತಳ್ಳಿ, ತಮಗೆ ಗೊತ್ತಿದ್ದ ಅಷ್ಟೂ ಅರಬ್ಬಿಯಲ್ಲಿ ಮದುವೆ, ಅರ್ಬಾಬ್, ರಜೆ ಎಂದು ಅತ್ತುಬಿಟ್ಟರು. ಕಾವಲುಗಾರ ಫಿಡೆಲಿಸನ ಎರಡೂ ಕೆನ್ನೆಗೆ ಮುತ್ತಿಟ್ಟು, ತಾನೂ ಕೂತು ಹೆಕ್ಕಲು ಶುರು ಮಾಡಿದ.

ಮೂರು ಗಂಟೆಗೆ ಫಿಡೆಲಿಸ್ ಮತ್ತೆ ಲೇತಿನ ಮುಂದೆ ನಿಂತಾಗ ಯಾರನ್ನೂ ಹತ್ತಿರ ಬಿಡಲಿಲ್ಲ. ಗೋಪಿನಾಥ್ ಬಾಯಿ ತೆರೆದರೆ ಸ್ಪ್ಯಾನರ್ ಎತ್ತಿ ತೋರಿಸಿದ. ಬಿರುಕಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕತ್ತರಿಸಿ, ಅಂಚು ನಯ ಮಾಡಿ, ಮೂರು ಮೂರು ಸಲ ಅಳೆದ. ಹುಟ್ಟಿದಂದಿನಿಂದ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ.

ಐದು ಗಂಟೆಗೆ ಅರ್ಬಾಬ್ ತನ್ನದೇ ವರ್ನಿಯರ್ ಹಿಡಿದು ಕೂತ. ಒಂದು, ಎರಡು, ಹತ್ತು, ನಲವತ್ತು. ಎಲ್ಲವೂ ಐವತ್ತೊಂದು. ಎದ್ದು ಬಂದು ಫಿಡೆಲಿಸನನ್ನು ಅಪ್ಪಿಕೊಂಡ.

"ಮುಮ್ತಾಝ್! ಚಿನ್ನದ ಕೈ!"

"ಹಾಗಾದ್ರೆ ನನ್ನ ರಜೆ, ಅರ್ಬಾಬ್..."

"ಅದೇ ಹೇಳ್ತೇನೆ ಕೇಳು. ಡಿಸೆಂಬರಿಗೆ ರಜೆ ಕೇಳಿದವರು ಇಬ್ಬರು, ಲೇತಿಗೆ ಜನ ಇಬ್ಬರೇ. ಒಬ್ಬರನ್ನೇ ಬಿಡಬಹುದು. ಜನವರಿಯಲ್ಲಿ ನಮ್ಮ ದೊಡ್ಡ ಪಂದ್ಯ ಉಂಟು, ಕೈ ಸರಿ ಇರುವವನು ನನಗೆ ಇಲ್ಲಿ ಬೇಕು. ಹೋದ ವಾರ ಮೊಯ್ದಿನಿಗೆ ನಲವತ್ತು ಕೊಟ್ಟು ನೋಡಿದೆ. ಪಾಪ, ಎಲ್ಲ ನಲವತ್ತೆಂಟಕ್ಕೆ ಕತ್ತರಿಸಿಟ್ಟ. ಕಣ್ಣು ಹೋಗಿದೆ. ಅವನು ಎರಡು ತಿಂಗಳು ಊರಿಗೆ ಹೋಗಿ ಬರಲಿ. ನಿನ್ನ ಮದುವೆ ಮಾರ್ಚಿನಲ್ಲಿ, ಇನ್ಶಾ ಅಲ್ಲಾಹ್!"

ಫಿಡೆಲಿಸ್ ಹೊರಗೆ ಬಂದಾಗ ಮೊಯ್ದಿನ್ ಕುಂಞಿ ಗೇಟಿನ ಬಳಿ, ಆಗಲೇ ತೆಗೆಸಿಟ್ಟಿದ್ದ ವಿಮಾನದ ಟಿಕೆಟ್ ಬಿಡಿಸಿಕೊಂಡು ನಿಂತಿದ್ದರು.

"ಮೊಯ್ದಿನಾಕ, ನಿಮ್ಮ ಕೈಯಲ್ಲಿ ಮೂರು ಮಿಲ್ಲಿ ತಪ್ಪುದಾ?"

"ಎಂತ ಮಾಡುದು ಮಗಾ, ಪ್ರಾಯ ಆಯ್ತು. ಕಣ್ಣು ಮಂಜು," ಎಂದು ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಮುಸ್ಸಂಜೆಯ ಆ ಅರೆಬೆಳಕಿನಲ್ಲಿ, ಕನ್ನಡಕವಿಲ್ಲದೆ, ಟಿಕೆಟಿನ ಹಿಂಬದಿಯ ಸಾಸಿವೆಯಂಥ ಅಕ್ಷರಗಳ ಮೇಲೆ ಸರಸರನೆ ಕಣ್ಣಾಡಿಸಿ ಹೇಳಿದರು:

"ಲಗೇಜು ಇಪ್ಪತ್ತೇ ಕಿಲೋ ಅಂತೆ. ಹುಡುಗಿಗೆ ಸೀರೆಗೀರೆ ಕಳಿಸುದಿದ್ರೆ ಎರಡು ಕಿಲೋದ ಒಳಗೆ ಕಟ್ಟಿ ಕೊಡು, ಮುಟ್ಟಿಸ್ತೇನೆ."